ಹನ್ನೆರಡೇ ಪಂಚಭುಜಗಳು ಏಕೆ? ವೈರಸ್ಸಿನ ಚಿಪ್ಪಿನ ಮೂಲಕ ಆಯ್ಲರನ ಸೂತ್ರ

ಅಭ್ಯಾಸ ಬೋಧನೆಯ ದಿನಗಳಲ್ಲಿ ಆಯ್ಲರನ ಸೂತ್ರದ ಪಾಠ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ. ಪ್ರಶಿಕ್ಷಣಾರ್ಥಿ ಥರ್ಮೊಕೋಲಿನ ಘನ, ಪಿರಮಿಡ್, ಪಟ್ಟಕಗಳನ್ನು ತರುತ್ತಾರೆ. ಕಪ್ಪುಹಲಗೆಯ ಮೇಲೆ ಮುಖ, ಶೃಂಗ, ಅಂಚು ಎಂದು ಕೋಷ್ಟಕ ಬರೆಯುತ್ತಾರೆ. ಮಕ್ಕಳು ಎಣಿಸುತ್ತಾರೆ. ಮುಖಗಳು + ಶೃಂಗಗಳು = ಅಂಚುಗಳು + 2 ಎಂಬುದು ಎಲ್ಲ ಸಾಲಿನಲ್ಲೂ ಸರಿಹೊಂದುತ್ತದೆ, ಗಂಟೆ ಹೊಡೆಯುತ್ತದೆ. ವೀಕ್ಷಕರಾಗಿ ನಾವು ‘ಪಾಠೋಪಕರಣ ಚೆನ್ನಾಗಿತ್ತು’ ಎಂದು ಷರಾ ಬರೆದು ಮುಂದಿನ ತರಗತಿಗೆ ಹೋಗುತ್ತೇವೆ. ಪಾಠದಲ್ಲಿ ತಪ್ಪೇನೂ ಇಲ್ಲ. ಆದರೆ ಸೂತ್ರದಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೂ ಇಲ್ಲ. ಎಣಿಸಿದ್ದನ್ನು ತಾಳೆ ನೋಡುವುದಕ್ಕಷ್ಟೇ ಸೂತ್ರವಾದರೆ, ಎಣಿಸಲು ಬಂದವನಿಗೆ ಅದು ಬೇಕಾಗುವುದಿಲ್ಲ.

ಪಕ್ಕದ ಕೊಠಡಿಯಲ್ಲಿ ವಿಜ್ಞಾನದ ಪ್ರಶಿಕ್ಷಣಾರ್ಥಿ ವೈರಸ್ಸಿನ ಚಿತ್ರ ಬರೆಯುತ್ತಿರುತ್ತಾರೆ: ಒಂದು ಚೆಂಡು, ಸುತ್ತ ಮೊಳೆಗಳು. ಕೊರೊನಾ ಕಾಲದ ನಂತರ ಮಕ್ಕಳ ಮನಸ್ಸಿನಲ್ಲಿ ‘ವೈರಸ್’ ಎಂದರೆ ಆ ಒಂದೇ ಚಿತ್ರ. ಅದರೊಳಗೆ ಒಂದು ಲೆಕ್ಕವಿದೆ, ಆ ಲೆಕ್ಕ ಗೋಡೆಯ ಆಚೆ ನಡೆಯುತ್ತಿರುವ ಪಾಠದ್ದೇ ಎಂದು ಯಾರೂ ಹೇಳುವುದಿಲ್ಲ. ಈ ಎರಡು ಪಾಠಗಳನ್ನು ಸೇರಿಸುವ ಮೂರು ಅವಧಿಗಳ ಯೋಜನೆಯೊಂದು ಇಲ್ಲಿದೆ. ಗಣಿತ ಮತ್ತು ಜೀವಶಾಸ್ತ್ರದ ಇಬ್ಬರು ಪ್ರಶಿಕ್ಷಣಾರ್ಥಿಗಳು ಸೇರಿ ಇದನ್ನು ತೆಗೆದುಕೊಂಡರೆ ಒಳ್ಳೆಯದು. ಒಬ್ಬರೇ ಮಾಡಿದರೂ ತೊಂದರೆಯಿಲ್ಲ.

ತಯಾರಿ

ತರಗತಿ 9. ಪೂರ್ವಜ್ಞಾನವಾಗಿ ನಿಯಮಿತ ಬಹುಭುಜದ ಒಳಕೋನ, ಸರಳ ಸಮೀಕರಣ, ಪೈಥಾಗೊರಸ್ ಪ್ರಮೇಯ ಗೊತ್ತಿದ್ದರೆ ಸಾಕು. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ ಎಂಬುದನ್ನೂ, ಆರ್‌ಎನ್‌ಎಯಲ್ಲಿ ಮೂರು ‘ಅಕ್ಷರ’ ಸೇರಿ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿಬಿಡಬಹುದು. ಉಪಕರಣಗಳು: ಷಡ್ಭುಜಗಳ ಜಾಲವನ್ನು ಜೆರಾಕ್ಸ್ ಮಾಡಿದ ಹಾಳೆಗಳು, ಡ್ರಾಯಿಂಗ್ ಶೀಟ್, ಕತ್ತರಿ, ಗೋಂದು, ಕಪ್ಪು ಬಿಳುಪಿನ ಹಳೆಯ ಫುಟ್‌ಬಾಲ್. ಫುಟ್‌ಬಾಲಿಗೆ ಗಾಳಿ ಇಲ್ಲದಿದ್ದರೂ ನಡೆಯುತ್ತದೆ.

ಪ್ರವೇಶ ಚಿತ್ರದಿಂದ ಬೇಡ, ಲೆಕ್ಕದಿಂದ ಇರಲಿ

ವೀಳ್ಯದೆಲೆ ಬಳ್ಳಿ ಹಬ್ಬಿಸಲು ನೆಡುವ ಅಗಸೆ ಮರವನ್ನು ಹಳ್ಳಿಯ ಮಕ್ಕಳು ನೋಡಿರುತ್ತಾರೆ. ಅದಕ್ಕೆ ತಗಲುವ ಒಂದು ವೈರಸ್ಸಿನ ಹೆಸರು ಸೆಸ್ಬೇನಿಯಾ ಮೊಸಾಯಿಕ್ ವೈರಸ್. ಅದರ ಚಿಪ್ಪಿನ ರಚನೆಯನ್ನು ಎಕ್ಸ್-ಕಿರಣಗಳ ಮೂಲಕ ಬಿಡಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ಅವರ ತಂಡಗಳು ಈ ವೈರಸ್ಸಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿವೆ. ಪ್ರವೇಶಕ್ಕೆ ಈ ಉದಾಹರಣೆಯನ್ನು ನಾನು ಆರಿಸುವುದು ಅದು ಹತ್ತಿರದ್ದು ಎಂಬ ಕಾರಣಕ್ಕೆ ಮಾತ್ರವಲ್ಲ, ಅದರ ಅಂಕಿಗಳು ತರಗತಿಯ ಲೆಕ್ಕಕ್ಕೆ ಚೆನ್ನಾಗಿ ಒದಗುತ್ತವೆ.

ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆಯಿರಿ. ಈ ವೈರಸ್ಸಿನ ಆರ್‌ಎನ್‌ಎ ಸುಮಾರು 4,100 ಅಕ್ಷರ ಉದ್ದ. ಚಿಪ್ಪಿನಲ್ಲಿ 180 ಪ್ರೋಟೀನುಗಳಿವೆ. ಒಂದೊಂದು ಪ್ರೋಟೀನಿನಲ್ಲಿ 268 ಅಮೈನೋ ಆಮ್ಲಗಳಿವೆ. ‘180 ಪ್ರೋಟೀನೂ ಬೇರೆಬೇರೆ ಆಗಿದ್ದರೆ, ಅವನ್ನು ಬರೆದಿಡಲು ಎಷ್ಟು ಅಕ್ಷರ ಬೇಕು?’ ಎಂದು ಕೇಳಿ. 180 × 268 × 3 = 1,44,720. ಇರುವುದು 4,100. ಮೂವತ್ತೈದು ಪಟ್ಟು ಕಡಿಮೆ.

ಇಲ್ಲಿ ಸುಮ್ಮನಿರಬೇಕು. ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ಈ ಹಂತದಲ್ಲಿ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಅರ್ಧ ನಿಮಿಷ ತಡೆದರೆ ಯಾರಾದರೊಬ್ಬರು ‘ಹಂಗಾದ್ರೆ ಎಲ್ಲಾ ಒಂದೇ ಥರದ್ದು ಇರ್ಬೇಕು ಮಿಸ್’ ಎನ್ನುತ್ತಾರೆ. ಅದೇ ಉತ್ತರ. ಒಂದು ಅಚ್ಚು ಇಟ್ಟುಕೊಂಡು ಸಾವಿರ ಇಟ್ಟಿಗೆ ಕೊಯ್ದ ಹಾಗೆ. ಒಂದು ಪ್ರೋಟೀನಿಗೆ 804 ಅಕ್ಷರ ಸಾಕು. ಉಳಿದ ಜಾಗ ಬೇರೆ ಕೆಲಸಕ್ಕೆ. ಇದೇ ತರ್ಕವನ್ನು 1956ರಲ್ಲಿ ಕ್ರಿಕ್ ಮತ್ತು ವಾಟ್ಸನ್ ಮುಂದಿಟ್ಟರು: ಸಣ್ಣ ವೈರಸ್ಸಿನ ಚಿಪ್ಪು ಒಂದೇ ಬಗೆಯ ಉಪಘಟಕ ಪದೇ ಪದೇ ಬಂದು ಆಗಿರಬೇಕು, ಆದ್ದರಿಂದ ಅದರಲ್ಲಿ ಸಮಮಿತಿ ಇರಬೇಕು. ಚಿಪ್ಪಿನ ಒಳವಿವರ ಕಾಣುವ ಮೊದಲೇ ಲೆಕ್ಕದಿಂದ ಹೊರಟ ಮಾತು ಅದು. ಮಕ್ಕಳಿಗೆ ಇದನ್ನು ಒತ್ತಿ ಹೇಳಿ.

ಅರವತ್ತು ಮಾವಿನಕಾಯಿ

ಒಂದೇ ಅಚ್ಚಿನ ಇಟ್ಟಿಗೆಗಳಿಂದ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆ ಕಟ್ಟಬೇಕು. ಯಾವ ಇಟ್ಟಿಗೆಯ ಮೇಲೆ ಕುಳಿತು ನೋಡಿದರೂ ಸುತ್ತಲಿನ ನೋಟ ಒಂದೇ ಆಗಿರಬೇಕು. ಹೆಚ್ಚೆಂದರೆ ಎಷ್ಟು ಇಟ್ಟಿಗೆ ಬಳಸಬಹುದು? ಇದೇ ಎರಡನೆಯ ಪ್ರಶ್ನೆ.

ಐದು ಗುಂಪು ಮಾಡಿ, ಐದು ನಿಯಮಿತ ಘನಗಳ ಜಾಲಗಳನ್ನು ಹಂಚಿ. ಮಡಿಸಿ ಅಂಟಿಸುವ ಮೊದಲು, ಪ್ರತಿ ಮುಖದ ಪ್ರತಿ ಮೂಲೆಯಲ್ಲೂ ಒಂದು ಚಿಕ್ಕ ಮಾವಿನಕಾಯಿ ಆಕಾರವನ್ನು ಅಂಟಿಸಲು ಹೇಳಿ, ಬಾಲ ಒಂದೇ ದಿಕ್ಕಿಗೆ ಸುತ್ತುವ ಹಾಗೆ. ಮಾವಿನಕಾಯಿಯೇ ಏಕೆ? ವೃತ್ತವನ್ನೋ ಚೌಕವನ್ನೋ ಅಂಟಿಸಿದರೆ ಅದಕ್ಕೆ ತನ್ನದೇ ಸಮಮಿತಿ ಇರುತ್ತದೆ. ಪ್ರೋಟೀನಿಗೆ ಅಂಥದ್ದಿಲ್ಲ. ಅದು ಎಡಗೈ ಬಲಗೈಯ ಹಾಗೆ, ಕನ್ನಡಿಯಲ್ಲಿ ನೋಡಿದರೆ ಬೇರೆಯೇ ಆಗುತ್ತದೆ. ಸೀರೆಯ ಅಂಚಿನ ಮಾವಿನಕಾಯಿಯ ಕೊಕ್ಕೂ ಒಂದೇ ಕಡೆಗೆ ಬಾಗಿರುತ್ತದೆ.

ಎಣಿಕೆ ಹೀಗೆ ಬರುತ್ತದೆ. ಚತುರ್ಮುಖಿಯಲ್ಲಿ 4 × 3 = 12. ಘನದಲ್ಲಿ 6 × 4 = 24, ಅಷ್ಟಮುಖಿಯಲ್ಲಿ 8 × 3 = 24. ದ್ವಾದಶಮುಖಿಯಲ್ಲಿ 12 × 5 = 60, ವಿಂಶತಿಮುಖಿಯಲ್ಲಿ 20 × 3 = 60. ಹಲಗೆಯ ಮೇಲೆ ಬರೆದಾಗ 24 ಎರಡು ಸಲ, 60 ಎರಡು ಸಲ ಬಂದದ್ದನ್ನು ಮಕ್ಕಳೇ ಗಮನಿಸುತ್ತಾರೆ. ಕಾರಣವನ್ನು ಅವರೇ ಹುಡುಕಲಿ: ಘನದ ಪ್ರತಿ ಮುಖದ ನಡುವೆ ಒಂದು ಚುಕ್ಕಿ ಇಟ್ಟು ಸೇರಿಸಿದರೆ ಅಷ್ಟಮುಖಿ ಸಿಗುತ್ತದೆ; ದ್ವಾದಶಮುಖಿ ಮತ್ತು ವಿಂಶತಿಮುಖಿಗೂ ಅದೇ ಸಂಬಂಧ. ಪಟ್ಟಕದಂತಹ ಆಕಾರಗಳಲ್ಲಿ ಬದಿಗಳನ್ನು ಹೆಚ್ಚಿಸುತ್ತಾ ಹೋಗಬಹುದಲ್ಲ ಎಂದು ಯಾರಾದರೂ ಕೇಳಿದರೆ ಮೆಚ್ಚಿಕೊಳ್ಳಿ. ಹೋಗಬಹುದು, ಆದರೆ ಅದು ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ, ಒಳಗೆ ಜಾಗ ಸಿಗುವುದಿಲ್ಲ. ಉಂಡೆಯಾದ ಚಿಪ್ಪಿಗೆ 60 ಕೊನೆಯ ಮಿತಿ. ಸ್ಯಾಟಲೈಟ್ ಟೊಬ್ಯಾಕೊ ನೆಕ್ರೋಸಿಸ್ ವೈರಸ್ಸಿನ ಚಿಪ್ಪಿನಲ್ಲಿ ಸರಿಯಾಗಿ 60 ಪ್ರೋಟೀನುಗಳಿವೆ.

ಒಂದು ಗುಂಪಿನಲ್ಲಾದರೂ ಒಂದು ಮಾವಿನಕಾಯಿ ತಿರುಗಾಮುರುಗಾ ಅಂಟಿರುತ್ತದೆ. ಕೀಳಿಸಬೇಡಿ. ಇಡೀ ತರಗತಿಗೆ ತೋರಿಸಿ, ‘ಈ ಚಿಪ್ಪನ್ನು ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತದೆಯೇ?’ ಎಂದು ಕೇಳಿ. ಸಮಮಿತಿ ಎಂದರೇನು ಎಂಬುದನ್ನು ಆ ಒಂದು ತಪ್ಪು ಮಾವಿನಕಾಯಿ ಯಾವ ವ್ಯಾಖ್ಯೆಗಿಂತಲೂ ಚೆನ್ನಾಗಿ ಕಲಿಸುತ್ತದೆ.

ಹಾಳೆ ಬಾಗುವ ಜಾಗ

ಈಗ ತೊಡಕು. ಮಿತಿ 60, ಆದರೆ ಅಗಸೆಯ ವೈರಸ್ಸಿನಲ್ಲಿ 180 ಇವೆಯಲ್ಲ! ಎರಡನೆಯ ಅವಧಿ ಈ ಪ್ರಶ್ನೆಯಿಂದಲೇ ಆರಂಭವಾಗಲಿ.

ಷಡ್ಭುಜದ ಹಾಳೆ ಕೈಗೆ ಕೊಡಿ. ಜೇನಿನ ಎರಿಯ ಹಾಗೆ ಷಡ್ಭುಜಗಳು ಸಂದಿಲ್ಲದೆ ಕೂಡಿವೆ, ಒಂದು ಬಿಂದುವಿನಲ್ಲಿ ಮೂರು ಸೇರಿ 120° × 3 = 360°. ಆದ್ದರಿಂದಲೇ ಹಾಳೆ ಚಪ್ಪಟೆ. ಇದನ್ನು ಎಷ್ಟು ದೊಡ್ಡದು ಮಾಡಿದರೂ ಚೆಂಡಾಗುವುದಿಲ್ಲ. ಈಗ ಒಂದು ಷಡ್ಭುಜದ ನಡುವಿನಿಂದ 60° ಕೋನದ ತುಂಡೊಂದನ್ನು ಹಾಳೆಯ ಅಂಚಿನವರೆಗೂ ಕತ್ತರಿಸಿ ತೆಗೆದು, ಎರಡು ಬದಿ ಸೇರಿಸಿ ಅಂಟಿಸಲಿ. ಹಾಳೆ ಟೋಪಿಯ ಹಾಗೆ ಮೇಲೇಳುತ್ತದೆ, ನಡುವಿನ ಷಡ್ಭುಜ ಪಂಚಭುಜವಾಗಿರುತ್ತದೆ. ಸುತ್ತಲಿನ ಷಡ್ಭುಜಗಳಿಗೆ ಏನೂ ಆಗಿಲ್ಲ. ಚಿಪ್ಪು ಬಾಗಬೇಕಾದರೆ ಪಂಚಭುಜ ಬೇಕು ಎಂಬುದು ಕೈಗೇ ತಿಳಿಯುವ ಕ್ಷಣ ಇದು. ಷಡ್ಭುಜದ ಕಣ್ಣು ಬಿಟ್ಟು ಹೆಣೆಯುವ ಬಿದಿರು ಬುಟ್ಟಿ ನಿಮ್ಮ ಊರಿನಲ್ಲಿ ಸಿಕ್ಕರೆ ತಂದು ತೋರಿಸಿ. ಹೆಣಿಗೆ ಬಾಗುವ ಮೂಲೆಯಲ್ಲಿ ಐದು ಬದಿಯ ಕಣ್ಣು ಕಾಣುತ್ತದೆ.

ಎಷ್ಟು ಪಂಚಭುಜ ಬೇಕು? ಆಯ್ಲರನ ಸೂತ್ರ ನಿರ್ಧಾರ ಹೇಳುವುದು ಇಲ್ಲಿ. ಪಂಚಭುಜಗಳ ಸಂಖ್ಯೆ ಪ, ಷಡ್ಭುಜಗಳ ಸಂಖ್ಯೆ ಷ ಇರಲಿ. ಪ್ರತಿ ಶೃಂಗದಲ್ಲೂ ಮೂರು ಮುಖಗಳು ಕೂಡುತ್ತವೆ ಎಂದುಕೊಳ್ಳೋಣ. ಆಗ

ಮುಖಗಳು = ಪ + ಷ
ಅಂಚುಗಳು = (5ಪ + 6ಷ) ÷ 2, ಏಕೆಂದರೆ ಪ್ರತಿ ಅಂಚೂ ಎರಡು ಮುಖಗಳಿಗೆ ಸೇರಿದ್ದು
ಶೃಂಗಗಳು = (5ಪ + 6ಷ) ÷ 3, ಏಕೆಂದರೆ ಪ್ರತಿ ಶೃಂಗವೂ ಮೂರು ಮುಖಗಳಿಗೆ ಸೇರಿದ್ದು

ಇವನ್ನು ಮುಖಗಳು + ಶೃಂಗಗಳು = ಅಂಚುಗಳು + 2 ಎಂಬಲ್ಲಿ ಇಟ್ಟು, ಎಲ್ಲವನ್ನೂ 6ರಿಂದ ಗುಣಿಸಿದರೆ

6ಪ + 6ಷ + 10ಪ + 12ಷ = 15ಪ + 18ಷ + 12
16ಪ + 18ಷ = 15ಪ + 18ಷ + 12
ಪ = 12

ಎರಡೂ ಕಡೆಯ 18ಷ ಹೊಡೆದುಹೋಗುವುದನ್ನು ಮಕ್ಕಳೇ ಹಲಗೆಗೆ ಬಂದು ಮಾಡಲಿ. ಷಡ್ಭುಜ ಹತ್ತಿರಲಿ, ಹತ್ತು ಸಾವಿರವಿರಲಿ, ಪಂಚಭುಜ ಮಾತ್ರ ಹನ್ನೆರಡೇ. ಆಮೇಲೆ ಫುಟ್‌ಬಾಲ್ ಎಸೆಯಿರಿ. ಕಪ್ಪು ತುಂಡುಗಳನ್ನು ಎಣಿಸಲಿ: 12. ಬಿಳಿಯವು 20. ಶೃಂಗ 60, ಅಂಚು 90; 32 + 60 = 90 + 2. ಮೊದಲು ಸಾಧನೆ, ಆಮೇಲೆ ಎಣಿಕೆ. ಈ ಕ್ರಮವನ್ನು ಬದಲಿಸಬೇಡಿ. ಚೆಂಡನ್ನು ಮೊದಲೇ ತೋರಿಸಿದರೆ 12 ಎಂಬುದು ಆ ಚೆಂಡಿನ ವಿಶೇಷ ಎಂದಾಗುತ್ತದೆ. ಸಾಧಿಸಿದ ಮೇಲೆ ತೋರಿಸಿದರೆ, ಇನ್ನು ಯಾವ ಚೆಂಡಿನಲ್ಲೂ ಬೇರೆ ಸಂಖ್ಯೆ ಬರಲಾರದು ಎಂದು ಮಕ್ಕಳು ಪಂಥ ಕಟ್ಟುತ್ತಾರೆ.

ಚುರುಕಾದ ಮಕ್ಕಳಿಗೆ ಒಂದು ಎಚ್ಚರಿಕೆ. ಸೂತ್ರ ಷ ಬಗ್ಗೆ ಏನೂ ಹೇಳುವುದಿಲ್ಲ ಎಂದರೆ ಷ ಎಷ್ಟು ಬೇಕಾದರೂ ಇರಬಹುದು ಎಂದಲ್ಲ. 12 ಪಂಚಭುಜಗಳ ಜೊತೆ ಒಂದೇ ಒಂದು ಷಡ್ಭುಜ ಇರುವ ಘನವನ್ನು ಕಟ್ಟಲು ಆಗುವುದಿಲ್ಲ. ಸೊನ್ನೆ ಆಗುತ್ತದೆ, ಎರಡು ಆಗುತ್ತದೆ, ಒಂದು ಆಗದು. ಅಗತ್ಯವಾದ ನಿಬಂಧನೆಗೂ ಸಾಕಾಗುವ ನಿಬಂಧನೆಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪ್ರೌಢಶಾಲೆಯ ಮಟ್ಟದಲ್ಲಿ ನನಗೆ ಸಿಕ್ಕಿಲ್ಲ.

ಕಾಸ್ಪರ್ ಮತ್ತು ಕ್ಲೂಗ್ ಹೇಳಿದ್ದು

180ರ ತೊಡಕನ್ನು ಬಿಡಿಸಿದವರು ಡೊನಾಲ್ಡ್ ಕಾಸ್ಪರ್ ಮತ್ತು ಆರನ್ ಕ್ಲೂಗ್, 1962ರಲ್ಲಿ. ಬಕ್‌ಮಿನ್‌ಸ್ಟರ್ ಫುಲ್ಲರ್ ಕಟ್ಟುತ್ತಿದ್ದ ತ್ರಿಭುಜಗಳ ಗುಮ್ಮಟಗಳು ಅವರಿಗೆ ದಾರಿ ತೋರಿಸಿದವು. ಎಲ್ಲ ಇಟ್ಟಿಗೆಗಳ ಸುತ್ತಲಿನ ನೋಟ ಕಟ್ಟುನಿಟ್ಟಾಗಿ ಒಂದೇ ಇರಬೇಕಿಲ್ಲ, ಹೆಚ್ಚುಕಡಿಮೆ ಒಂದೇ ಇದ್ದರೆ ಸಾಕು ಎಂದರು ಅವರು. ಇದನ್ನು ಮಕ್ಕಳಿಂದಲೇ ಮಾಡಿಸಿ. ಐದು ಜನ ಕೈ ಹಿಡಿದು ವೃತ್ತವಾಗಿ ನಿಲ್ಲಲಿ, ಪಕ್ಕದಲ್ಲಿ ಆರು ಜನ. ಕೈ ಹಿಡಿಯುವ ರೀತಿ ಒಂದೇ. ಮೂಲೆಯ ಕೋನ ಮಾತ್ರ ಅಲ್ಲಿ 108°, ಇಲ್ಲಿ 120°. ಹನ್ನೆರಡು ಡಿಗ್ರಿಯಷ್ಟು ಬಳುಕಲು ಭುಜಕ್ಕೆ ಬಂದರೆ ಒಬ್ಬರೇ ಎರಡೂ ಕಡೆ ನಿಲ್ಲಬಹುದು. ಪ್ರೋಟೀನೂ ಹಾಗೆಯೇ, ಐದರ ಉಂಗುರದಲ್ಲೂ ಕೂರುತ್ತದೆ, ಆರರ ಉಂಗುರದಲ್ಲೂ ಕೂರುತ್ತದೆ.

ಪಂಚಭುಜಗಳ ನಡುವಿನ ದೂರ ಎಷ್ಟು ಎಂಬುದು ಉಳಿದ ಪ್ರಶ್ನೆ. ಷಡ್ಭುಜದ ಹಾಳೆಯ ಮೇಲೆ ಒಂದು ಮನೆಯಿಂದ ಹೊರಟು ನೇರವಾಗಿ ಅ ಹೆಜ್ಜೆ ನಡೆಯಿರಿ, 60° ಎಡಕ್ಕೆ ತಿರುಗಿ ಬ ಹೆಜ್ಜೆ ನಡೆಯಿರಿ. ತಲುಪಿದ ಮನೆಯೇ ಪಕ್ಕದ ಪಂಚಭುಜದ ಸ್ಥಾನ. ಎರಡು ಮನೆಗಳ ನಡುವಿನ ದೂರದ ವರ್ಗವನ್ನು ಪೈಥಾಗೊರಸ್ ಪ್ರಮೇಯದಿಂದ ಪಡೆಯಬಹುದು: ಅಡ್ಡ ದೂರ ಅ + ಬ/2, ಲಂಬ ದೂರ (√3/2) × ಬ. ವರ್ಗಗಳನ್ನು ಕೂಡಿದರೆ ಅ² + ಅಬ + ಬ². ಇದನ್ನು ವಿಜ್ಞಾನಿಗಳು ಟಿ ಸಂಖ್ಯೆ ಎನ್ನುತ್ತಾರೆ. ತ್ರಿಭುಜದ ಕ್ಷೇತ್ರಫಲ ಬಾಹುವಿನ ವರ್ಗದ ಹಾಗೆ ಬೆಳೆಯುವುದರಿಂದ ವಿಂಶತಿಮುಖಿಯ ಒಂದೊಂದು ಮುಖದೊಳಗೂ ಟಿ ಪಟ್ಟು ಜಾಗ ಸಿಗುತ್ತದೆ. ಚಿಪ್ಪಿನಲ್ಲಿ ಒಟ್ಟು 60 × ಟಿ ಪ್ರೋಟೀನುಗಳು, 12 ಐದರ ಉಂಗುರಗಳು, 10 × (ಟಿ − 1) ಆರರ ಉಂಗುರಗಳು.

ಮಕ್ಕಳಿಗೆ ಅ, ಬ ಬೆಲೆಗಳನ್ನು ಕೊಟ್ಟು ಪಟ್ಟಿ ಮಾಡಿಸಿ: 1, 3, 4, 7, 9, 12, 13, 16... ಒಂದು ಹೆಜ್ಜೆ ನಡೆದು, ತಿರುಗಿ, ಇನ್ನೊಂದು ಹೆಜ್ಜೆ ನಡೆದರೆ ಟಿ = 3, ಪ್ರೋಟೀನುಗಳು 180. ಅಗಸೆಯ ವೈರಸ್ ಅದೇ; ಉಂಗುರಗಳ ಜೋಡಣೆಯಲ್ಲಿ ಅದು ನಮ್ಮ ಫುಟ್‌ಬಾಲೇ. ಹೆಪಟೈಟಿಸ್ ಬಿ ವೈರಸ್ಸಿನ ಒಳಚಿಪ್ಪು ಹೆಚ್ಚಾಗಿ ಟಿ = 4, ಪ್ರೋಟೀನು 240. ಸರ್ಪಸುತ್ತಿನ ಬಳಗದ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನದು ಟಿ = 16. ಇದೇ ಬಹುಮುಖಿಗಳನ್ನು ಮೈಕೆಲ್ ಗೋಲ್ಡ್‌ಬರ್ಗ್ ಎಂಬ ಗಣಿತಜ್ಞರು 1937ರಲ್ಲೇ ವಿವರಿಸಿದ್ದರು, ಆಗ ಅವರ ಮುಂದೆ ಯಾವ ವೈರಸ್ಸೂ ಇರಲಿಲ್ಲ.

ಬೆಂಗಳೂರಿನ ಪ್ರಯೋಗದ ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು. ಅಗಸೆಯ ವೈರಸ್ಸಿನ ಪ್ರೋಟೀನಿನ ತುದಿಯಿಂದ ಮೊದಲ 65 ಅಮೈನೋ ಆಮ್ಲಗಳನ್ನು ತೆಗೆದಾಗ ಅದು 180ರ ಚಿಪ್ಪು ಕಟ್ಟುವುದನ್ನು ಬಿಟ್ಟು 60ರ ಚಿಕ್ಕ ಚಿಪ್ಪು ಕಟ್ಟಿತು. ಬಳುಕುವಿಕೆಗೆ ನೆರವಾಗುತ್ತಿದ್ದ ಬಾಲ ಹೋದ ಮೇಲೆ ಉಳಿದದ್ದು ಕಟ್ಟುನಿಟ್ಟಾದ ಸಮಮಿತಿ.

ನಿಯಮ ಜಾರುವ ಕಡೆ

ಇಷ್ಟು ಅಂದವಾಗಿ ಕೂಡಿಬಂದ ಪಾಠವನ್ನು ಇಲ್ಲಿಗೇ ನಿಲ್ಲಿಸುವ ಆಸೆ ಸಹಜ. ನಿಲ್ಲಿಸಬೇಡಿ. ಪಾಲಿಯೋಮಾ ವೈರಸ್ಸಿಗೆ ಟಿ = 7ರ ಹಾಗೆ 72 ಸ್ಥಾನಗಳಿವೆ, 12 ಸ್ಥಾನಗಳಿಗೆ ಐದು ನೆರೆ, 60 ಸ್ಥಾನಗಳಿಗೆ ಆರು ನೆರೆ. ಕಾಸ್ಪರ್-ಕ್ಲೂಗ್ ನಿಯಮದಂತೆ 420 ಪ್ರೋಟೀನು ಇರಬೇಕಿತ್ತು. 1982ರಲ್ಲಿ ಕಂಡದ್ದು ಬೇರೆ: 72 ಸ್ಥಾನಗಳಲ್ಲೂ ಐದರ ಉಂಗುರಗಳೇ, ಒಟ್ಟು 360. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸಿನದೂ ಇದೇ ಕಟ್ಟಡ. ಆಯ್ಲರನ ಸೂತ್ರ ಇಲ್ಲೂ ಸುಳ್ಳಾಗಿಲ್ಲ, ಐದು ನೆರೆಯ ಸ್ಥಾನಗಳು ಹನ್ನೆರಡೇ. ಆ ಸ್ಥಾನದಲ್ಲಿ ಯಾವ ಉಂಗುರ ಕೂರಬೇಕು ಎಂಬ ಊಹೆ ಮಾತ್ರ ಬಿತ್ತು. ಗಣಿತದ ಪ್ರಮೇಯ ಯಾವುದು, ವಿಜ್ಞಾನದ ಊಹೆ ಯಾವುದು ಎಂದು ಬೇರ್ಪಡಿಸಿ ತೋರಿಸಲು ಇದೇ ಜಾಗ.

ಪ್ಯಾಪಿಲೋಮಾ ವಿಷಯ ಬಂದಾಗ ಎರಡು ನಿಮಿಷ ಹೆಚ್ಚು ತೆಗೆದುಕೊಳ್ಳಿ. ಅದರ ಲಸಿಕೆಯನ್ನು ಮುಖ್ಯವಾಗಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಶಿಫಾರಸು ಮಾಡುತ್ತಾರೆ, ಎಂದರೆ ಎದುರು ಕುಳಿತಿರುವವರಿಗೇ. ಲಸಿಕೆಯಲ್ಲಿರುವುದು ತಾನಾಗಿ ಕೂಡಿಕೊಂಡ ಖಾಲಿ ಚಿಪ್ಪು, ಒಳಗೆ ವೈರಸ್ಸಿನ ಆನುವಂಶಿಕ ವಸ್ತು ಇಲ್ಲ. ‘ಚುಚ್ಚಿಸಿಕೊಂಡರೆ ಅದೇ ಕಾಯಿಲೆ ಬರುತ್ತಂತೆ’ ಎಂದು ಮನೆಯಲ್ಲಿ ಯಾರಾದರೂ ಹೆದರಿದರೆ, ಕೈಯಾರೆ ಚಿಪ್ಪು ಕಟ್ಟಿದ ಹುಡುಗಿ ಅದಕ್ಕೆ ಉತ್ತರ ಹೇಳಬಲ್ಲಳು.

ಎಲ್ಲ ವೈರಸ್ಸೂ ಹೀಗಿಲ್ಲ ಎಂಬುದೂ ಟಿಪ್ಪಣಿಯಲ್ಲಿ ಇರಲಿ. ತಂಬಾಕಿನ ಮೊಸಾಯಿಕ್ ವೈರಸ್ ಸುರುಳಿ ಮೆಟ್ಟಿಲಿನಂಥ ಕೋಲು. ಕೊರೊನಾ ವೈರಸ್ಸಿನ ಹೊರಪದರ ಕೊಬ್ಬಿನ ಪೊರೆ, ಅದಕ್ಕೆ ವಿಂಶತಿಮುಖಿಯ ಲೆಕ್ಕ ಹಚ್ಚಬಾರದು. ಎಚ್‌ಐವಿಯ ಒಳಚಿಪ್ಪು ಶಂಕುವಿನಂತೆ ಓರೆಯಾಗಿದೆ, ಆದರೂ ಅದರಲ್ಲಿ ಐದರ ಉಂಗುರಗಳು ಹನ್ನೆರಡೇ: ಅಗಲ ತುದಿಯಲ್ಲಿ ಏಳು, ಕಿರಿದಾದ ತುದಿಯಲ್ಲಿ ಐದು. ಆಕಾರ ಕೆಟ್ಟರೂ ಲೆಕ್ಕ ಕೆಡಲಿಲ್ಲ.

ಮಾತಿನ ಬಗ್ಗೆ ಒಂದು ಸೂಚನೆ. ‘ವೈರಸ್ ಈ ಆಕಾರವನ್ನು ಆರಿಸಿಕೊಂಡಿದೆ’, ‘ವೈರಸ್ಸಿಗೆ ಗಣಿತ ಗೊತ್ತು’ ಎಂದು ಹೇಳಿಬಿಡುವುದು ಸುಲಭ, ಮಕ್ಕಳಿಗೆ ಖುಷಿಯೂ ಆಗುತ್ತದೆ. ಆದರೆ ಉಪಘಟಕಗಳು ನೀರಿನಲ್ಲಿ ಅಲೆದಾಡುತ್ತಾ ಡಿಕ್ಕಿ ಹೊಡೆಯುತ್ತವೆ, ಹೊಂದಿದರೆ ಅಂಟಿಕೊಳ್ಳುತ್ತವೆ, ಹೊಂದದಿದ್ದರೆ ಬಿಡುತ್ತವೆ. ಯಾರೂ ನಕ್ಷೆ ಹಿಡಿದು ನಿಂತಿಲ್ಲ. ವೀಕ್ಷಣೆಯಲ್ಲಿ ಈ ಮಾತನ್ನು ಗುರುತು ಹಾಕಿಕೊಳ್ಳಿ.

ಮೌಲ್ಯಮಾಪನ

ಸೂತ್ರ ಬರೆಯಿರಿ ಎಂಬ ಪ್ರಶ್ನೆ ಬೇಡ. ಈ ಮೂರು ಸಾಕು. ಒಬ್ಬ ಕಲಾವಿದ 60 ಷಡ್ಭುಜಗಳಿಂದಲೇ ಮುಚ್ಚಿದ, ಪ್ರತಿ ಶೃಂಗದಲ್ಲೂ ಮೂರು ಮುಖಗಳು ಕೂಡುವ ವೈರಸ್ಸಿನ ಚಿತ್ರ ಬರೆದಿದ್ದಾನೆ. ಅಂಥ ಚಿಪ್ಪು ಸಾಧ್ಯವೇ? ಒಂದು ಚಿಪ್ಪಿನಲ್ಲಿ ಐದರ ಮತ್ತು ಆರರ ಉಂಗುರಗಳು ಸೇರಿ 42 ಇದ್ದರೆ ಅದರ ಟಿ ಎಷ್ಟು? ಇನ್ನೊಂದರಲ್ಲಿ 62 ಎಂದು ವರದಿಯಾದರೆ ನಂಬುತ್ತೀರಾ?

ಮೂರನೆಯದೇ ನಿಜವಾದ ಪರೀಕ್ಷೆ. 10 × ಟಿ + 2 = 62 ಎಂದು ಬಿಡಿಸಿ ‘ಟಿ = 6’ ಎಂದು ಬರೆದು ನಿಲ್ಲಿಸಿದವರು ಲೆಕ್ಕ ಕಲಿತಿದ್ದಾರೆ. 6 ನಮ್ಮ ಪಟ್ಟಿಯಲ್ಲಿ ಇಲ್ಲವಲ್ಲ ಎಂದು ಹಾಳೆ ತೆಗೆದು, ಹೆಜ್ಜೆ ನಡೆದು ನೋಡಿ, ಎಣಿಕೆಯಲ್ಲಿ ತಪ್ಪಿರಬೇಕು ಇಲ್ಲವೇ ಇದು ವಿಂಶತಿಮುಖಿಯ ಚಿಪ್ಪಲ್ಲ ಎಂದು ಬರೆದವರಿಗೆ ಪೂರ್ಣ ಅಂಕ ಕೊಡಿ. ‘62 ಎಣಿಸಿದವರು ಯಾರು, ಹೇಗೆ ಎಣಿಸಿದರು?’ ಎಂದು ಉತ್ತರಪತ್ರಿಕೆಯಲ್ಲೇ ತಿರುಗಿ ಕೇಳಿದವರನ್ನು ಮರುದಿನ ಹಲಗೆಯ ಬಳಿಗೆ ಕರೆಯಿರಿ.